ಖಡ್ಗದ ಹಿಡಿಯ ಹೊದಿಕೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳೆಯ ಆಯುಧಗಳ ಕಾಲವಿಚಾರ

೧

ಹಳೆಯ ಖಡ್ಗವೊಂದು ಕಣ್ಣಿಗೆ ಬಿದ್ದಾಗ ಎಲ್ಲರೂ ಮೊದಲು ನೋಡುವುದು ಅದರ ಅಲಗನ್ನು. ಇದು ಇಂದು ನಿನ್ನೆಯ ರೂಢಿಯಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ಖಡ್ಗಲಕ್ಷಣದ ಅಧ್ಯಾಯದಲ್ಲಿ ಐವತ್ತು ಅಂಗುಲದ ಖಡ್ಗವನ್ನು ಉತ್ತಮವೆಂದೂ ಇಪ್ಪತ್ತೈದು ಅಂಗುಲದ್ದನ್ನು ಕನಿಷ್ಠವೆಂದೂ ಹೇಳಿ, ಅಲಗಿನ ಮೇಲಣ ಗುರುತುಗಳ ಶುಭಾಶುಭ ಫಲವನ್ನು ವಿಸ್ತಾರವಾಗಿ ವಿವರಿಸುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಆದರೆ ಕೈಗೂ ಲೋಹಕ್ಕೂ ನಡುವೆ ನಿಂತು ಆಯುಧವನ್ನು ಆಯುಧವಾಗಿಸುವ ಹಿಡಿಯ ಹೊದಿಕೆಯನ್ನು ಕುರಿತು ವಿದ್ವಾಂಸರು ಬರೆದುದು ಸ್ವಲ್ಪವೇ. ಅಮರಕೋಶಕಾರನು ಮಾತ್ರ ಅದನ್ನು ಮರೆತಿಲ್ಲ. ಖಡ್ಗದ ಮುಷ್ಟಿಗೆ ತ್ಸರು ಎಂಬ ಹೆಸರನ್ನು ಕೊಟ್ಟು, ಅದರ ಬೆನ್ನಲ್ಲೇ ಆ ಮುಷ್ಟಿಯ ನಿಬಂಧನಕ್ಕೆ ಮೇಖಲಾ ಎಂಬ ಶಬ್ದವನ್ನು ಹೇಳುತ್ತಾನೆ. ಹಿಡಿಗೂ ಕಟ್ಟಿಗೂ ಬೇರೆ ಬೇರೆ ಹೆಸರುಗಳಿದ್ದುವೆಂದರೆ ಅವೆರಡೂ ಬೇರೆ ಬೇರೆ ವಸ್ತುಗಳೆಂಬ ಅರಿವು ಪೂರ್ವಿಕರಿಗೆ ಇದ್ದಿತೆಂದೇ ಅರ್ಥ.

ಈ ಲೇಖನದ ಉದ್ದೇಶ ಪರಿಮಿತವಾದುದು. ಇಂದಿನ ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಮನೆತನಗಳ, ಮಠಗಳ ಮತ್ತು ದೇವಾಲಯಗಳ ವಶದಲ್ಲಿರುವ ಹಳೆಯ ಖಡ್ಗಗಳನ್ನು ಪರೀಕ್ಷಿಸುವವರಿಗೆ ಹಿಡಿಯ ಹೊದಿಕೆಯ ದ್ರವ್ಯ ಯಾವುದೆಂದು ಗುರುತಿಸುವ ಬಗೆಯನ್ನೂ, ಹಾಗೆ ಗುರುತಿಸಿದುದರಿಂದ ಚರಿತ್ರೆಗೆ ಎಷ್ಟು ಹೇಳಬಹುದು, ಎಷ್ಟು ಹೇಳಲಾಗದು ಎಂಬುದನ್ನೂ ವಿಚಾರಮಾಡುವುದು. ಈ ವಿಷಯದಲ್ಲಿ ಅತ್ಯಂತ ಕ್ರಮಬದ್ಧವಾದ ಶಾಸ್ತ್ರವನ್ನು ಬೆಳೆಸಿದವರು ಜಪಾನೀಯರು. ಆದಕಾರಣ ಅವರ ಪದ್ಧತಿಯನ್ನು ತುಲನೆಗಾಗಿ ತೆಗೆದುಕೊಂಡಿದೆ.

೨

ಮೊದಲು ಸೀಮೆಯ ಪರಿಚಯ ಅವಶ್ಯ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ರೂಪುಗೊಳ್ಳುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಇತ್ತೀಚೆಗೆ. ಆದುದರಿಂದಲೇ ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವನ್ನು ಹನ್ನೊಂದನೆಯ ಸಂಪುಟದಲ್ಲಿಯೂ ಹುಡುಕಬೇಕಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳು ಒಂದೇ ರಾಜ್ಯದ ಆಳ್ವಿಕೆಯಲ್ಲಿ ಬಹುಕಾಲ ಉಳಿದವಲ್ಲ. ನ್ಯಾಮತಿಯ ಬಳಿಯ ಬೆಳಗುತ್ತಿಯು ೧೨, ೧೩ನೆಯ ಶತಮಾನಗಳಲ್ಲಿ ಸಿಂದ ಮನೆತನದವರ ನೆಲೆಯಾಗಿತ್ತು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಸಂತೇಬೆನ್ನೂರುಗಳು ನಾಯಕ ಮನೆತನವೊಂದರ ಸ್ಥಾನಗಳಾಗಿದ್ದು, ೧೭ನೆಯ ಶತಮಾನದ ಪೂರ್ವಾರ್ಧದಲ್ಲಿ ಬಿಜಾಪುರದ ಸೈನ್ಯದ ಒತ್ತಡದಿಂದ ಆ ಮನೆತನವು ತರೀಕೆರೆಯ ಕಡೆಗೆ ಸರಿಯಿತು. ಚನ್ನಗಿರಿಗೆ ಆ ಹೆಸರು ಬಂದುದು ಕೆಳದಿಯ ಚೆನ್ನಮ್ಮಾಜಿಯಿಂದ ಎಂದು ಹೇಳುವರು. ಕೆಳದಿಯ ರಾಜಧಾನಿಯಾದ ಬಿದನೂರು ೧೭೬೩ರಲ್ಲಿಯೂ, ಜಗಳೂರು ಸೀಮೆಯ ಒಡೆತನವಿದ್ದ ಚಿತ್ರದುರ್ಗ ೧೭೭೯ರಲ್ಲಿಯೂ ಹೈದರಾಲಿಯ ಕೈಸೇರಿದುವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಈ ಪ್ರದೇಶವು ಪುನಃಸ್ಥಾಪಿತವಾದ ಮೈಸೂರು ಸಂಸ್ಥಾನಕ್ಕೆ ಸೇರಿತು.

ಹೀಗೆ ನಾಯಕರು, ಕೆಳದಿಯವರು, ಬಿಜಾಪುರದವರು, ಮರಾಠರು, ಹೈದರ್–ಟಿಪ್ಪುಗಳು, ಕುಂಪಣಿಯವರು ಎಲ್ಲರ ಸೈನ್ಯಗಳೂ ನಡೆದಾಡಿದ ನೆಲವಿದು. ಇಲ್ಲಿ ದೊರೆಯುವ ಖಡ್ಗಗಳಲ್ಲಿ ಅವರೆಲ್ಲರ ಆಯುಧಪದ್ಧತಿಗಳ ಕುರುಹುಗಳು ಇರಬಹುದೆಂದು ನಿರೀಕ್ಷಿಸುವುದು ನ್ಯಾಯವೇ. ಆದರೆ ಊರಿನ ಐತಿಹ್ಯವು ಸಾಮಾನ್ಯವಾಗಿ ಖಡ್ಗವನ್ನು ಅತ್ಯಂತ ಪ್ರಸಿದ್ಧನಾದ ಒಬ್ಬ ವ್ಯಕ್ತಿಗೇ ಕಟ್ಟುತ್ತದೆ. ಚನ್ನಗಿರಿಯಲ್ಲಿ ಜನಿಸಿದ ಧೋಂಡಿಯ ವಾಘನು ಅಂಥ ಪ್ರಸಿದ್ಧ ವ್ಯಕ್ತಿ. ಹೈದರನ ಕುದುರೆಸವಾರನಾಗಿ ಸೇವೆಗೆ ಸೇರಿ, ಮುಂದೆ ಟಿಪ್ಪುವಿನ ಸೆರೆಯಲ್ಲಿದ್ದು, ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಪತನದೊಡನೆ ಬಿಡುಗಡೆ ಹೊಂದಿ, ಉಭಯಲೋಕಾಧೀಶ್ವರನೆಂದು ಬಿರುದು ಧರಿಸಿ ಕುಂಪಣಿಯ ಸೈನ್ಯವನ್ನು ಒಂದು ವರ್ಷಕ್ಕೂ ಮಿಗಿಲಾಗಿ ಕಾಡಿದ ಈತನು ೧೮೦೦ರ ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿಯ ಅಶ್ವದಳದೆದುರು ಹೋರಾಡುತ್ತ ಮಡಿದನು. ಇಂಥವನ ಕಾಲದ ಖಡ್ಗವೆಂದು ಯಾರಾದರೂ ಒಂದನ್ನು ತೋರಿಸಿದರೆ ಇತಿಹಾಸದ ವಿದ್ಯಾರ್ಥಿಯು ಏನು ಮಾಡಬೇಕು? ನಂಬಲೂ ಕೂಡದು, ನಗಲೂ ಕೂಡದು, ಪರೀಕ್ಷಿಸಬೇಕು. ಪರೀಕ್ಷೆಗೆ ಅಲಗಿಗಿಂತ ಹಿಡಿಯೇ ಹೆಚ್ಚು ಮಾತನಾಡುವ ಸಂದರ್ಭಗಳುಂಟು.

೩

ನಮ್ಮ ಕಡೆಯ ಹಿಡಿಗಳ ರಚನೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ತಲವಾರಿನ ಹಿಡಿ. ಇದು ಪೂರ್ಣವಾಗಿ ಲೋಹದ್ದು; ಮೇಲ್ತುದಿಯಲ್ಲಿ ತಟ್ಟೆಯಾಕಾರದ ಬಿಲ್ಲೆಯಿರುತ್ತದೆ. ಹಿಡಿಯ ಟೊಳ್ಳಿನೊಳಕ್ಕೆ ಅಲಗಿನ ಬುಡದ ಕಿರಿದಾದ ಭಾಗವನ್ನು ಸೇರಿಸಿ ಕಾಯಿಸಿದ ಅರಗನ್ನೋ ರಾಳವನ್ನೋ ತುಂಬಿ ಬಿಗಿಗೊಳಿಸುತ್ತಿದ್ದರು. ಹಿಡಿಯು ಲೋಹವಾದುದರಿಂದ ಹೊದಿಕೆ ಅನಿವಾರ್ಯವಲ್ಲ. ಬೆವರಿದ ಕೈ ಜಾರದಂತೆ ದಾರವನ್ನೋ ಬಟ್ಟೆಯನ್ನೋ ಸುತ್ತಿರುವುದುಂಟು. ಇಂಥಲ್ಲಿ ಹೊದಿಕೆಯು ಬಳಸಿದವನ ಸೇರಿಕೆಯೇ ಹೊರತು ಮಾಡಿದವನದಲ್ಲ. ಹಿಡಿಯ ಮೇಲೆ ಬೆಳ್ಳಿ, ಬಂಗಾರದ ತಂತಿಯ ಕುಸುರಿಯಿದ್ದು ಅದರ ಮೇಲೆ ಬಟ್ಟೆ ಸುತ್ತಿದ್ದರೆ, ಆ ಬಟ್ಟೆಯು ಕುಸುರಿಯ ಕಾಲದ್ದಲ್ಲವೆಂದು ಊಹಿಸುವುದು ಯುಕ್ತ. ಮುಚ್ಚುವುದಕ್ಕಾಗಿ ಯಾರೂ ಕುಸುರಿಯನ್ನು ಮಾಡಿಸುವುದಿಲ್ಲ.

ಎರಡನೆಯದು ಬೆರಳುಗಳನ್ನು ಕಾಯುವ ಅಗಲವಾದ ತಗಡಿನ ಕಾಪುಳ್ಳ ಹಿಡಿ. ಖಂಡೆಗೂ, ಫಿರಂಗಿ ಎಂಬ ಹೆಸರಿನ ಖಡ್ಗಕ್ಕೂ ಇದೇ ಬಗೆಯ ಹಿಡಿ ಸಾಮಾನ್ಯ. ಬಿಲ್ಲೆಯಿಂದ ಮೇಲಕ್ಕೆ ಹೊರಟಿರುವ ಮೊಳೆಯಂಥ ಕಂಬಿಯನ್ನು ಎರಡನೆಯ ಕೈಯಿಂದ ಹಿಡಿಯಬಹುದು. ಕಾಪಿನ ಒಳಮೈಗೆ ಹತ್ತಿ ತುಂಬಿ ಹೊಲಿದ ಮೆತ್ತೆಯನ್ನು ಅಂಟಿಸಿ, ಮೇಲೆ ಮಖಮಲ್ಲನ್ನೋ ದಪ್ಪ ಬಟ್ಟೆಯನ್ನೋ ಹೊದಿಸುವುದು ವಾಡಿಕೆ. ಕೈಹಿಡಿಯುವ ಭಾಗಕ್ಕೆ ದಾರವೋ ತೊಗಲೋ ಸುತ್ತಿರುತ್ತದೆ. ಫಿರಂಗಿ ಎಂಬ ಹೆಸರೇ ಸೂಚಿಸುವಂತೆ ಇದರ ಅಲಗು ಬಹುಮಟ್ಟಿಗೆ ಯೂರೋಪಿನದು, ಅಥವಾ ಅದರ ಅನುಕರಣ. ೧೫೧೦ರಲ್ಲಿ ಪೋರ್ತುಗೀಸರು ಗೋವೆಯನ್ನು ಹಿಡಿದಂದಿನಿಂದ ಪಶ್ಚಿಮ ಕರಾವಳಿಯಲ್ಲಿ ಇಂಥ ಅಲಗುಗಳು ಇಳಿಯುತ್ತಿದ್ದುವು. ಇಕ್ಕೇರಿಯ ದೊರೆಗಳಿಗೂ ಪೋರ್ತುಗೀಸರಿಗೂ ಸಂಪರ್ಕವಿದ್ದುದಕ್ಕೆ ೧೬೨೩ರಲ್ಲಿ ಪೋರ್ತುಗೀಸ್ ರಾಯಭಾರದೊಡನೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯೇ ಸಾಕ್ಷಿ. ಆದುದರಿಂದ ಅಲಗು ಪರದೇಶದ್ದಾದರೆ ಖಡ್ಗವೂ ಪರದೇಶೀಯನದೆಂದು ನಿರ್ಣಯಿಸುವುದು ತಪ್ಪು. ಅಲಗು ಜರ್ಮನಿಯದು, ಹಿಡಿ ದಖ್ಖನಿನದು, ಮೆತ್ತೆ ಊರಿನ ದರ್ಜಿಯದು. ಹೀಗೆ ಒಂದೇ ಆಯುಧದಲ್ಲಿ ಮೂರು ದೇಶಕಾಲಗಳು ಕೂಡಿರಬಹುದು.

ಮೂರನೆಯದು ಮರದ ತಿರುಳಿನ ಮೇಲೆ ಹೊದಿಸಿದ ಹಿಡಿ. ಇದು ಮುಖ್ಯವಾಗಿ ಇಂಗ್ಲಿಷ್ ಸೈನ್ಯದ ಮಾದರಿ. ೧೭೯೬ರ ಲಘು ಅಶ್ವದಳದ ಖಡ್ಗದಲ್ಲಿ ಮರದ ಹಿಡಿಗೆ ಹುರಿಯನ್ನು ಸುತ್ತಿ ಮೇಲೆ ತೊಗಲನ್ನು ಎಳೆದು ಅಂಟಿಸಿರುತ್ತಾರೆ. ಒಳಗಿನ ಹುರಿಯಿಂದ ತೊಗಲಿನ ಮೇಲೆ ಬಳೆ ಬಳೆಯಾಗಿ ಉಬ್ಬುಗಳು ಕಾಣುತ್ತವೆ. ೧೯ನೆಯ ಶತಮಾನದ ಅಧಿಕಾರಿಗಳ ಖಡ್ಗಗಳಲ್ಲಿ ಮೀನಿನ ತೊಗಲನ್ನು ಹೊದಿಸಿ, ಉಬ್ಬುಗಳ ನಡುವಣ ತಗ್ಗಿನಲ್ಲಿ ಬೆಳ್ಳಿ ಅಥವಾ ತಾಮ್ರದ ಹೊಸೆದ ತಂತಿಯನ್ನು ಸುತ್ತುತ್ತಿದ್ದರು.

ಈ ಮೂರರ ಜೊತೆಗೆ ದೇವರ ಖಡ್ಗಗಳನ್ನು ಬೇರೆಯಾಗಿ ಎಣಿಸಬೇಕು. ಜಗಳೂರು ತಾಲ್ಲೂಕಿನ ಕೊಡದಗುಡ್ಡದಂಥ ವೀರಭದ್ರನ ಕ್ಷೇತ್ರಗಳಿರುವ ಈ ಸೀಮೆಯಲ್ಲಿ ಪುರವಂತರು ಖಡ್ಗವನ್ನು ಹಿಡಿದು ಒಡಪು ಹೇಳುವ ಸಂಪ್ರದಾಯ ಜೀವಂತವಾಗಿದೆ. ಪೂಜೆಗೂ ಉತ್ಸವಕ್ಕೂ ಬಳಕೆಯಾಗುವ ಖಡ್ಗದ ಹಿಡಿಗೆ ಕಾಲಕಾಲಕ್ಕೆ ಹೊಸ ಬಟ್ಟೆ ಸುತ್ತುವುದು ಭಕ್ತಿಯ ಕಾರ್ಯ. ಅದನ್ನು ಯುದ್ಧದ ಖಡ್ಗದ ಅಳತೆಗೋಲಿನಿಂದ ಅಳೆಯಲಾಗದು.

ವೀರಗಲ್ಲುಗಳು ಈ ವಿಚಾರದಲ್ಲಿ ಎಷ್ಟು ನೆರವಾಗುತ್ತವೆ? ಬೆಳಗುತ್ತಿ ಮುಂತಾದೆಡೆಗಳ ವೀರಗಲ್ಲುಗಳಿಂದ ಖಡ್ಗದ ಆಕಾರ, ಉದ್ದ, ಹಿಡಿಯುವ ಭಂಗಿಗಳನ್ನು ತಿಳಿಯಬಹುದು. ಹೊದಿಕೆಯನ್ನು ತಿಳಿಯುವುದು ಕಷ್ಟ. ಶಿಲ್ಪಿಯು ಹಿಡಿಯ ಮೇಲೆ ಅಡ್ಡಗೆರೆಗಳನ್ನು ಕೊರೆದಿದ್ದರೂ ಅವು ಸುತ್ತಿದ ದಾರವನ್ನು ಸೂಚಿಸಬಹುದು, ಲೋಹದ ಬಳೆಗಳನ್ನೂ ಸೂಚಿಸಬಹುದು. ಕಲ್ಲು ರೂಪವನ್ನು ಉಳಿಸುತ್ತದೆ, ದ್ರವ್ಯವನ್ನು ಉಳಿಸುವುದಿಲ್ಲ. ದ್ರವ್ಯಕ್ಕಾಗಿ ವಸ್ತುವಿನ ಬಳಿಗೇ ಹೋಗಬೇಕು.

೪

ಇನ್ನು ಜಪಾನಿನ ಪದ್ಧತಿ. ಅಲ್ಲಿ ಹಿಡಿಗೆ ತ್ಸುಕ ಎಂದು ಹೆಸರು. ಹೊನೊಕಿ ಎಂಬ ಮೃದುವಾದ ಮರದ ಎರಡು ಹೋಳುಗಳನ್ನು ಕೂಡಿಸಿ ತಿರುಳನ್ನು ಮಾಡಿ, ಅದರ ಮೇಲೆ ಸಮೆಗಾವ ಎಂಬ ಮೀನಿನ ತೊಗಲನ್ನು ಹೊದಿಸಿ, ಮೇಲೆ ರೇಷ್ಮೆಯ ಪಟ್ಟಿಯನ್ನು ವಜ್ರಾಕೃತಿಯ ಕಿಂಡಿಗಳು ಬರುವಂತೆ ಹೆಣೆಯುತ್ತಾರೆ. ಹೆಣಿಗೆ ಸಡಲದಂತೆ ಪ್ರತಿಯೊಂದು ಮಡಿಕೆಯ ಕೆಳಗೂ ಸಣ್ಣ ಕಾಗದದ ಬೆಣೆಗಳನ್ನು ಇಡುತ್ತಾರೆ. ಮೆನುಕಿ ಎಂಬ ಸಣ್ಣ ಲೋಹದ ಆಭರಣಗಳು ಹೆಣಿಗೆಯ ಅಡಿಯಲ್ಲಿ ಸೇರಿ ಅಂಗೈಗೆ ಹಿಡಿತ ಕೊಡುತ್ತವೆ. ಅಲಗನ್ನು ಹಿಡಿಯಲ್ಲಿ ನಿಲ್ಲಿಸುವುದು ಅರಗಲ್ಲ. ಮೆಕುಗಿ ಎಂಬ ಒಂದು ಬಿದಿರಿನ ಗೂಟ. ಗೂಟವನ್ನು ಮೆಲ್ಲನೆ ತಟ್ಟಿ ತೆಗೆದರೆ ಹಿಡಿಯೇ ಕಳಚಿಬರುತ್ತದೆ. ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಕೆತ್ತಿದ್ದರೆ ಓದಬಹುದು.

ಈ ರಚನೆಯ ಪರಿಣಾಮವೊಂದನ್ನು ಗಮನಿಸಬೇಕು. ಹಿಡಿಯು ಕಳಚುವಂಥದಾದುದರಿಂದ ಒಂದೇ ಅಲಗು ತನ್ನ ಆಯುಸ್ಸಿನಲ್ಲಿ ಹಲವು ಹಿಡಿಗಳನ್ನು ಕಾಣುತ್ತದೆ. ಹೆಣಿಗೆಯ ರೇಷ್ಮೆಯು ಬೆವರಿಗೂ ಉಜ್ಜಾಟಕ್ಕೂ ಸವೆಯುವುದು ಸಹಜವಾದುದರಿಂದ ಅದನ್ನು ಆಗಾಗ್ಗೆ ಬದಲಾಯಿಸಲೇಬೇಕು. ಆದಕಾರಣ ಜಪಾನಿನ ಪರೀಕ್ಷಕರು ಅಲಗಿನ ಕಾಲವನ್ನೂ ಹಿಡಿಯ ಕಾಲವನ್ನೂ ಎಂದಿಗೂ ಒಂದುಮಾಡುವುದಿಲ್ಲ. ೧೭೮೧ರಲ್ಲಿ ಇನಾಬ ತ್ಸೂರ್ಯು ಎಂಬಾತನು ಸೋಕೆನ್ ಕಿಶೋ ಎಂಬ ಏಳು ಸಂಪುಟಗಳ ಗ್ರಂಥವನ್ನು ಖಡ್ಗದ ಅಲಂಕರಣಸಾಮಗ್ರಿಗೇ ಮೀಸಲಿಟ್ಟು ಪ್ರಕಟಿಸಿದನೆಂದರೆ ಈ ವಿವೇಚನೆ ಅಲ್ಲಿ ಎಷ್ಟು ಬೆಳೆದಿತ್ತೆಂಬುದನ್ನು ಊಹಿಸಬಹುದು.

ಬಿಳಿಯ ಸಮೆಗಾವದ ಮೇಲೆ ಕಪ್ಪು ರೇಷ್ಮೆಯ ಹೆಣಿಗೆ ಎಂಬುದು ಎದೋ ಕಾಲದ ಔಪಚಾರಿಕ ಉಡುಗೆಯ ನಿಯಮ. ನಿಯಮದ ಹೊರಗೆ ನಾನಾ ಅಪರೂಪದ ದ್ರವ್ಯಗಳುಂಟು: ಜಿಂಕೆಯ ಹದಮಾಡಿದ ತೊಗಲು, ಬೆತ್ತದ ಸೀಳು, ತಿಮಿಂಗಿಲದ ಬಾಯೊಳಗಿನ ಜಾಲರಿಯಂಥ ಪಟ್ಟಿಯ ಸೀಳು, ಮೆರುಗೆಣ್ಣೆ ಹಚ್ಚಿದ ದಾರ, ಲೋಹದ ತಂತಿ. ಕೆಲವು ಕಿರುಗತ್ತಿಗಳಲ್ಲಿ ಹೆಣಿಗೆಯೇ ಇಲ್ಲದೆ ಮೀನಿನ ತೊಗಲು ಬರಿದಾಗಿ ತೋರುತ್ತದೆ. ಆ ಮೀನು ತೊರಕೆಯ ಜಾತಿಯದು. ಜಪಾನಿಗೆ ಬೇಕಾದ ಒಳ್ಳೆಯ ತೊಗಲು ದಕ್ಷಿಣದ ಬೆಚ್ಚನೆಯ ಸಮುದ್ರಗಳಿಂದ ಚೀನೀ ಮತ್ತು ಡಚ್ ಹಡಗುಗಳಲ್ಲಿ ನಾಗಸಾಕಿಗೆ ಬರುತ್ತಿದ್ದಿತು. ನಮ್ಮ ಕರಾವಳಿಯ ಬೆಸ್ತರ ಬಲೆಗೆ ದಿನವೂ ಬೀಳುವ ಮೀನಿನ ಬಂಧುವೇ ಸಾಮುರಾಯಿಯ ಹಿಡಿಯನ್ನು ಅಲಂಕರಿಸಿದ್ದಿತು.

ಜಪಾನಿನ ಖಡ್ಗವು ನಮ್ಮ ನಾಡಿನಲ್ಲಿ ಕಾಣಿಸಿಕೊಳ್ಳುವ ಸಂಭವವೆಲ್ಲಿ ಎಂದು ವಾಚಕರು ಕೇಳಬಹುದು. ೧೮೭೬ರಲ್ಲಿ ಜಪಾನ್ ಸರ್ಕಾರವು ಖಡ್ಗಧಾರಣೆಯನ್ನು ನಿಷೇಧಿಸಿದ ಬಳಿಕ ಅಸಂಖ್ಯ ಖಡ್ಗಗಳು ಪರದೇಶಗಳಿಗೆ ಮಾರಾಟವಾದುವು. ೧೯೪೫ರಲ್ಲಿ ಬರ್ಮ, ಮಲಯಗಳಲ್ಲಿ ಜಪಾನೀ ಅಧಿಕಾರಿಗಳು ಖಡ್ಗಗಳನ್ನು ಒಪ್ಪಿಸಿ ಶರಣಾದಾಗ ಅವು ಭಾರತೀಯ ಸೈನ್ಯದವರ ಕೈಗೂ ಬಂದುವು. ಅದೇ ಸೆಪ್ಟೆಂಬರ್ ೧೨ರ ಸಿಂಗಪುರದ ಶರಣಾಗತಿ ಸಮಾರಂಭದಲ್ಲಿ ಭಾರತದ ಪರವಾಗಿ ಉಪಸ್ಥಿತರಿದ್ದವರು ಕೊಡಗಿನವರಾದ ಬ್ರಿಗೇಡಿಯರ್ ಕೆ. ಎಸ್. ತಿಮ್ಮಯ್ಯನವರು. ಯುದ್ಧದಿಂದ ಮರಳಿದ ಸೈನಿಕರ ಮನೆಗಳಲ್ಲಿ ಇಂಥ ಖಡ್ಗವಿದ್ದು, ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದು ಪಾಳೆಯಗಾರರ ಖಡ್ಗವೆಂಬ ಹೆಸರನ್ನು ಪಡೆದರೆ ಆಶ್ಚರ್ಯಪಡಬೇಕಾಗಿಲ್ಲ. ವಜ್ರಾಕೃತಿಯ ಹೆಣಿಗೆಯೊಂದೇ ಅದನ್ನು ಬಯಲುಮಾಡಲು ಸಾಕು. ಆದರೆ ಅಲ್ಲಿಯೂ ಎಚ್ಚರ ಬೇಕು: ೧೯೩೫ರ ಮಾದರಿಯ ಕೆಳದರ್ಜೆಯ ಸೇನಾಧಿಕಾರಿಗಳ ಖಡ್ಗದಲ್ಲಿ ಹೆಣಿಗೆಯೂ ಇಲ್ಲ, ತೊಗಲೂ ಇಲ್ಲ. ಅವೆರಡರ ಆಕಾರವನ್ನೂ ಲೋಹದಲ್ಲಿ ಎರಕಹೊಯ್ದು ಬಣ್ಣ ಬಳಿದಿರುತ್ತಾರೆ. ಬಣ್ಣ ಎದ್ದಿರುವ ಕಡೆ ನೋಡಿದರೆ ನಿಜ ತಿಳಿಯುತ್ತದೆ.

೫

ದ್ರವ್ಯವನ್ನು ಗುರುತಿಸುವ ಕ್ರಮವನ್ನು ಈಗ ಹೇಳಬಹುದು. ಮೊದಲು ಬರಿಗಣ್ಣು, ಬಳಿಕ ಹತ್ತು ಪಟ್ಟು ಹಿಗ್ಗಿಸುವ ಮಸೂರ, ಬಳಿಕ ಮೂಗು. ವಸ್ತುವನ್ನು ಕೆಡಿಸುವ ಪರೀಕ್ಷೆ ಕಟ್ಟಕಡೆಗೆ, ಅದೂ ತಾನಾಗಿ ಉದುರಿದ ಎಳೆಯ ಮೇಲೆ ಮಾತ್ರ.

ಮೀನಿನ ತೊಗಲು. ತೊರಕೆಯ ತೊಗಲಿನ ಮೇಲೆ ಮುತ್ತಿನಂಥ ದುಂಡಾದ ಗಟ್ಟಿ ಕಾಳುಗಳು ಒತ್ತಾಗಿ ಜೋಡಿಸಿದಂತೆ ಇರುತ್ತವೆ. ಬೆನ್ನಿನ ನಡುಭಾಗದಲ್ಲಿ ಕೆಲವು ಕಾಳುಗಳು ಉಳಿದವುಗಳಿಗಿಂತ ಬಹಳ ದೊಡ್ಡವು. ಇವುಗಳನ್ನು ಹಿಡಿಯ ಮೇಲ್ಭಾಗದಲ್ಲಿ ಎದ್ದು ಕಾಣುವಂತೆ ಇಡುವುದರಲ್ಲಿ ಜಪಾನೀ ಕುಶಲಿಗೆ ಹೆಮ್ಮೆ. ಶಾರ್ಕ್ ಮೀನಿನ ತೊಗಲಾದರೋ ಸಣ್ಣ ಸಣ್ಣ ಹಲ್ಲುಗಳಂಥ ಪೊರೆಗಳುಳ್ಳದ್ದು. ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಸವರಿದರೆ ಉಜ್ಜುಕಾಗದದಂತೆ ಒರಟು. ಇಂಗ್ಲಿಷ್ ಖಡ್ಗಗಳನ್ನು ಕುರಿತು ಬರೆಯುವವರು ಇವೆರಡನ್ನೂ ಶಾರ್ಕಿನ ತೊಗಲೆಂದೇ ಕರೆದುಬಿಡುವುದುಂಟು. ಹೆಸರನ್ನು ನಂಬದೆ ಕಾಳನ್ನು ನೋಡಬೇಕು. ಇನ್ನೊಂದು ಬಗೆಯಿದೆ: ಕುದುರೆ, ಕತ್ತೆಗಳ ಹಿಂಭಾಗದ ಹಸಿ ತೊಗಲಿನೊಳಕ್ಕೆ ಬೀಜಗಳನ್ನು ಒತ್ತಿ, ಒಣಗಿದ ಮೇಲೆ ಕೆರೆದು, ಕಾಳುಕಾಳಾದ ಮೈಯನ್ನು ಬರಿಸುವುದು. ಇಲ್ಲಿ ಕಾಳು ತೊಗಲಿನದೇ ಆದುದರಿಂದ ಮಸೂರದಲ್ಲಿ ಗಟ್ಟಿ ಮುತ್ತು ಕಾಣುವುದಿಲ್ಲ. ಸೆಲ್ಯುಲಾಯ್ಡಿನ ನಕಲನ್ನು ಬೆರಳಿನಿಂದ ಬಲವಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಇದನ್ನು ಬೆಂಕಿಯ ಬಳಿಗೆ ಒಯ್ಯಲೇಬಾರದು, ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುತ್ತದೆ.

ಪ್ರಾಣಿಗಳ ತೊಗಲು. ರೋಮಕೂಪಗಳ ಜೋಡಣೆಯೇ ಇಲ್ಲಿ ಕುರುಹು. ಆಡಿನ ತೊಗಲಿನಲ್ಲಿ ದೊಡ್ಡ ಮತ್ತು ಸಣ್ಣ ರಂಧ್ರಗಳು ಗುಂಪುಗೂಡಿ ಸಾಲುಸಾಲಾಗಿರುತ್ತವೆ. ಕರುವಿನ ತೊಗಲಿನಲ್ಲಿ ರಂಧ್ರಗಳು ಸಮವಾಗಿ ಹರಡಿರುತ್ತವೆ. ಹಂದಿಯದರಲ್ಲಿ ಮೂರು ಮೂರು ಕೂಡಿ ತ್ರಿಕೋಣವಾಗುತ್ತವೆ. ಕಂಜಿರಕ್ಕೆ ಬಿಗಿಯುವ ಉಡದ ತೊಗಲನ್ನು ಬಲ್ಲವರಿಗೆ ರೋಮಕೂಪವಿಲ್ಲದ, ಸಣ್ಣ ಹರಳುಗಳ ಸಾಲುಳ್ಳ ಆ ಮೈಯನ್ನು ಬೇರೆಯಾಗಿ ಗುರುತಿಸುವುದು ಸುಲಭ. ಬಹುಕಾಲ ಕೈಯಾಡಿದ ತೊಗಲಿನಲ್ಲಿ ಬೆರಳು ಒತ್ತಿದ ಕಡೆ ಕುರುಹು ಅಳಿಸಿರುತ್ತದೆ. ಬಿಲ್ಲೆಯ ಕೆಳಗೆ, ಕಾಪಿನ ಮೂಲೆಯಲ್ಲಿ ಹುಡುಕಿದರೆ ಉಳಿದಿರುತ್ತದೆ.

ನೂಲು ಮತ್ತು ನಾರು. ಹತ್ತಿಯ ಎಳೆಯು ಸೂಕ್ಷ್ಮದರ್ಶಕದಲ್ಲಿ ತಿರುಚಿದ ಪಟ್ಟಿಯಂತೆ, ರೇಷ್ಮೆಯದು ಗಾಜಿನ ಸಲಾಕೆಯಂತೆ ನಯವಾಗಿ, ಉಣ್ಣೆಯದು ಪೊರೆಪೊರೆಯಾಗಿ ಕಾಣುತ್ತದೆ. ಪುಂಡಿ, ಸಣಬುಗಳ ನಾರು ಬಿರುಸಾದ ಕಟ್ಟುಗಳಾಗಿರುತ್ತದೆ. ಉದುರಿದ ಎಳೆಯನ್ನು ಸುಟ್ಟರೆ ಹತ್ತಿ ಮತ್ತು ನಾರುಗಳು ಕಾಗದದಂತೆ ಉರಿದು ನವುರಾದ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟ ವಾಸನೆ ಕೊಟ್ಟು, ಹಿಸುಕಿದರೆ ಪುಡಿಯಾಗುವ ಕಪ್ಪು ಗುಂಡಾಗುತ್ತವೆ. ಕೃತಕ ರೇಷ್ಮೆಯು ನೋಟಕ್ಕೆ ರೇಷ್ಮೆ, ಉರಿಗೆ ಹತ್ತಿ. ಜಗಳೂರಿನಂಥ ಬರಡುನೆಲದಲ್ಲಿ ಕುರಿಸಾಕಣೆಯೂ ಕಂಬಳಿಯೂ ಬದುಕಿನ ಅಂಗಗಳಾಗಿದ್ದುದರಿಂದ ಉಣ್ಣೆಯ ಹುರಿಯನ್ನು ಕಂಡಾಗ ಅದು ದೂರದಿಂದ ಬಂದುದೆಂದು ಭಾವಿಸಬೇಕಾಗಿಲ್ಲ.

ಬೆತ್ತ ಮತ್ತು ತಿಮಿಂಗಿಲದ ಪಟ್ಟಿ. ಮಾಸಿದ ಮೇಲೆ ಇವೆರಡೂ ಕಂದು–ಕಪ್ಪಾಗಿ ಒಂದನ್ನೊಂದು ಹೋಲುತ್ತವೆ. ಬೆತ್ತದ ತುದಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳಿರುತ್ತವೆ. ಹೊರಮೈ ಗಾಜಿನಂತೆ ಹೊಳೆಯುತ್ತದೆ. ತಿಮಿಂಗಿಲದ ಪಟ್ಟಿಯು ಕೊಂಬಿನ ಜಾತಿಯದು. ತುದಿಯಲ್ಲಿ ಕೂದಲಿನಂಥ ಎಳೆಗಳಾಗಿ ಬಿಚ್ಚಿಕೊಳ್ಳುತ್ತದೆ.

ಮೆರುಗು ಮತ್ತು ಅಂಟು. ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ನಮ್ಮ ಅರಗು ಕೀಟದಿಂದ ಬಂದುದು. ಜಪಾನಿನ ಉರುಷಿ ಮರದ ಹಾಲಿನಿಂದ ಬಂದುದು. ಅರಗು ಶಾಖಕ್ಕೆ ಮೆತ್ತಗಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ. ಗಟ್ಟಿಯಾದ ಉರುಷಿಯು ಎರಡಕ್ಕೂ ಜಗ್ಗುವುದಿಲ್ಲ. ಅತಿನೇರಳೆ ಬೆಳಕಿನಲ್ಲಿ ಅರಗು ಕಿತ್ತಳೆಯ ಬಣ್ಣದಿಂದ ಮಿನುಗುತ್ತದೆ. ವಸ್ತುವಿಗೆ ಹಾನಿಯಿಲ್ಲದ ಈ ಪರೀಕ್ಷೆ ಎಲ್ಲಕ್ಕೂ ಮೇಲು.

೬

ದ್ರವ್ಯವನ್ನು ಗುರುತಿಸಿದ ಮೇಲೆ ಕಾಲದ ವಿಚಾರ. ಇಲ್ಲಿ ಒಂದು ತತ್ವವನ್ನು ದೃಢವಾಗಿ ಹಿಡಿಯಬೇಕು. ಹತ್ತಿ, ರೇಷ್ಮೆ, ಆಡಿನ ತೊಗಲು, ಅರಗು ಇವು ಎಲ್ಲ ಕಾಲದಲ್ಲಿಯೂ ಇದ್ದ ದ್ರವ್ಯಗಳು. ಅವುಗಳಿಂದ ಕಾಲ ತಿಳಿಯುವುದಿಲ್ಲ. ಯಾವ ದ್ರವ್ಯದ ಹುಟ್ಟು ನಮಗೆ ನಿಶ್ಚಿತವಾಗಿ ಗೊತ್ತಿದೆಯೋ ಅದರಿಂದ ಮಾತ್ರ, ಈ ಹೊದಿಕೆ ಇಂಥ ವರ್ಷಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು.

೧೮೫೬ರಲ್ಲಿ ಪರ್ಕಿನ್ ಎಂಬಾತನು ಕಲ್ಲಿದ್ದಲಿನ ಡಾಂಬರಿನಿಂದ ನೇರಳೆಯ ಬಣ್ಣವನ್ನು ತೆಗೆದನು. ಬೇಗನೆ ಕಡುಗೆಂಪು ಮುಂತಾದ ಇತರ ಕೃತಕ ಬಣ್ಣಗಳು ಬಂದುವು. ಕೃತಕ ನೀಲಿಯು ೧೮೯೭ರಲ್ಲಿ ಮಾರುಕಟ್ಟೆಗೆ ಬಂದಿತು. ಸೆಲ್ಯುಲಾಯ್ಡು ಸುಮಾರು ೧೮೭೦ರ ಈಚಿನದು. ನೈಲಾನು ೧೯೩೮ರ ಈಚಿನದು. ಹೀಗೆ ಹಿಡಿಯ ಮೆತ್ತೆಯನ್ನು ಹೊಲಿದ ದಾರವು ಕೃತಕ ನೇರಳೆಯದೆಂದು ರಸಾಯನ ಪರೀಕ್ಷೆಯಿಂದ ಸಿದ್ಧಪಟ್ಟರೆ, ಆ ಹೊಲಿಗೆ ಧೋಂಡಿಯ ವಾಘನು ಮಡಿದ ಅರ್ಧ ಶತಮಾನಕ್ಕೂ ಮಿಗಿಲಾದ ಬಳಿಕ ಆದುದೆಂಬುದು ನಿಸ್ಸಂದೇಹ.

ಆದರೆ ಅಷ್ಟರಿಂದಲೇ ಖಡ್ಗವು ಅವನ ಕಾಲದ್ದಲ್ಲವೆಂದು ಹೇಳಬಹುದೇ? ಹೇಳಲಾಗದು. ಹೊದಿಕೆಯು ಆಯುಧದ ಅತ್ಯಂತ ಕಿರಿಯ ಅಂಗ. ಅದು ಕೊಡುವುದು ಕೊನೆಯ ದುರಸ್ತಿಯ ಕಾಲವನ್ನೇ ಹೊರತು ಹುಟ್ಟಿನ ಕಾಲವನ್ನಲ್ಲ. ಮೇಲಿನ ಬಟ್ಟೆಯ ಕೆಳಗೆ ಹಳೆಯ ತೊಗಲಿನ ಚೂರು, ಅದರ ಕೆಳಗೆ ಇನ್ನೂ ಹಳೆಯ ನೂಲು ಇರಬಹುದು. ಭೂಮಿಯನ್ನು ಅಗೆಯುವ ಪುರಾತತ್ವಜ್ಞನು ಪದರಗಳನ್ನು ಓದುವಂತೆ ಹಿಡಿಯ ಪದರಗಳನ್ನೂ ಓದಬೇಕು. ಪದರಗಳಿಲ್ಲದೆ ಒಂದೇ ಹೊದಿಕೆಯಿದ್ದು, ಅದು ಮರದ ತಿರುಳಿಗೆ ನೇರವಾಗಿ ಅಂಟಿದ್ದು, ತಿರುಳು ಇಂಗ್ಲಿಷ್ ಮಾದರಿಯದಾಗಿದ್ದು, ಲೋಹದ ಕಾಪೂ ಆ ಮಾದರಿಗೆ ಹೊಂದಿದ್ದರೆ ಮಾತ್ರ ಖಡ್ಗದ ಇಡೀ ಹಿಡಿಯು ಏಕಕಾಲದ್ದೆಂದು ಹೇಳಬಹುದು. ಅಂಥ ಖಡ್ಗವನ್ನು ಬಸವಾಪಟ್ಟಣದ ನಾಯಕರಿಗೆ ಕಟ್ಟುವ ಐತಿಹ್ಯವನ್ನು ಬಿಡಬೇಕಾಗುತ್ತದೆ. ಆದರೂ ಐತಿಹ್ಯವನ್ನು ಬಿಟ್ಟಲ್ಲಿ ಚರಿತ್ರೆ ಬರಿದಾಗುವುದಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳದಂಥವರ ಚರಿತ್ರೆಯೂ ಕನ್ನಡ ನಾಡಿನ ಚರಿತ್ರೆಯೇ. ಮನೆತನದ ಹಿರಿಯನೊಬ್ಬನು ಸಂಸ್ಥಾನದ ಸೇವೆಯಲ್ಲಿ ಧರಿಸಿದ ಖಡ್ಗವು ಪಾಳೆಯಗಾರನದಲ್ಲವಾದ ಮಾತ್ರಕ್ಕೆ ಗೌರವಕ್ಕೆ ಅರ್ಹವಲ್ಲವೆಂದು ಯಾರು ಹೇಳಿಯಾರು?

ಹೊದಿಕೆಯು ಕಾಲವನ್ನು ಹೇಳದ ಕಡೆಯೂ ಬೇರೆ ಸಂಗತಿಗಳನ್ನು ಹೇಳಬಲ್ಲುದು. ಸವೆತವು ಎಡಗೈಯವನೋ ಬಲಗೈಯವನೋ ಎಂಬುದನ್ನು ತಿಳಿಸಬಹುದು. ಮೆತ್ತೆಯು ಬೆವರಿನಿಂದ ಕಪ್ಪಾಗಿದ್ದರೆ ಅದು ಬಳಕೆಯ ಆಯುಧ. ಹೊಸದಾಗಿಯೇ ಉಳಿದಿದ್ದರೆ ಮೆರವಣಿಗೆಯ ಆಯುಧ. ತೊರಕೆಯ ತೊಗಲು ಒಳನಾಡಿನ ಹಿಡಿಯಲ್ಲಿ ಕಂಡರೆ ಘಟ್ಟದ ಕೆಳಗಣ ವ್ಯಾಪಾರದ ಒಂದು ಎಳೆ ದೊರೆತಂತೆ. ಇವೆಲ್ಲ ಶಾಸನಗಳಲ್ಲಿ ದೊರೆಯದ ಸಂಗತಿಗಳು.

೭

ಈ ಆಕರವು ಕಣ್ಣೆದುರಿಗೇ ನಾಶವಾಗುತ್ತಿದೆ ಎಂಬುದು ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆ. ಮಹಾ­ನವಮಿಯ ಆಯುಧಪೂಜೆಗೆ ಮುನ್ನ ಖಡ್ಗವನ್ನು ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿ ತೊಳೆದು ಬಿಸಿಲಿಗೆ ಇಡುವುದುಂಟು. ನೀರು ಹಿಡಿಯ ಟೊಳ್ಳಿನೊಳಕ್ಕೆ ಇಳಿದು ಅಲಗಿನ ಬುಡವನ್ನು ತುಕ್ಕಿಗೆ ಒಪ್ಪಿಸುತ್ತದೆ. ಬಿಸಿಲು ಅರಗನ್ನು ಸಡಲಿಸುತ್ತದೆ. ಹರಿದ ಹಳೆಯ ಸುತ್ತನ್ನು ಮೈಲಿಗೆಯೆಂದು ಕಿತ್ತೆಸೆದು ಹೊಸ ಕೆಂಪು ಬಟ್ಟೆಯನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಸುತ್ತುತ್ತಾರೆ. ಇನ್ನೂರು ವರ್ಷ ಉಳಿದ ಸಾಕ್ಷ್ಯವು ಒಂದು ಬೆಳಗಿನಲ್ಲಿ ತಿಪ್ಪೆಯ ಪಾಲಾಗುತ್ತದೆ. ಮಾರಾಟದ ಆಸೆಯೂ ಇದಕ್ಕೆ ಸೇರಿಕೊಂಡಿದೆ. ೨೦೨೩ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವು ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಇಂಥ ವಾರ್ತೆಗಳನ್ನು ಕೇಳಿದವರಲ್ಲಿ ಹಳೆಯ ಹಿಡಿಗೆ ಹೊಸ ಮೆರುಗು ಕೊಡಿಸುವ ಹಂಬಲ ಹುಟ್ಟಿದರೆ ಸಹಜವೇ. ನೂರು ವರ್ಷ ಮೀರಿದ ಇಂಥ ವಸ್ತುಗಳು ೧೯೭೨ರ ಪ್ರಾಚ್ಯವಸ್ತು ಕಾಯಿದೆಗೆ ಒಳಪಟ್ಟಿದ್ದು, ಖಾಸಗಿಯವರು ಅವನ್ನು ಪರದೇಶಕ್ಕೆ ಕಳುಹಿಸುವಂತಿಲ್ಲವೆಂಬುದನ್ನೂ ತಿಳಿದಿರಬೇಕು.

ಪೂಜೆಯನ್ನು ನಿಲ್ಲಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ಖಡ್ಗವು ಇಷ್ಟು ಕಾಲ ಉಳಿದುದೇ ಪೂಜೆಯಿಂದ. ಬೇಕಾದುದು ಅಲ್ಪ ಎಚ್ಚರ. ಅಲಗನ್ನು ಒಣಬಟ್ಟೆಯಿಂದ ಒರೆಸಿ ತೆಳ್ಳಗೆ ಎಣ್ಣೆ ಸವರುವುದು ಸಾಕು. ಹಿಡಿಗೆ ನೀರನ್ನೂ ಎಣ್ಣೆಯನ್ನೂ ತಾಗಿಸಬಾರದು. ಅರಿಸಿನ ಕುಂಕುಮಗಳನ್ನು ಅಲಗಿಗೆ ಏರಿಸಬಹುದು. ಹೊಸ ಬಟ್ಟೆ ಸುತ್ತಲೇಬೇಕಾದರೆ ಹಳೆಯದರ ಮೇಲೆಯೇ ಅಂಟಿಲ್ಲದೆ ಸುತ್ತಿ ಹಬ್ಬದ ಬಳಿಕ ಬಿಚ್ಚಬಹುದು. ತಾನಾಗಿ ಕಳಚಿದ ಚೂರನ್ನು ಕಾಗದದಲ್ಲಿ ಮಡಿಸಿ, ದಿನಾಂಕ ಬರೆದು, ಖಡ್ಗದೊಡನೆಯೇ ಇಡಬೇಕು.

ಕಾಲೇಜುಗಳ ಇತಿಹಾಸ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದು, ವೆಚ್ಚ ಸಣ್ಣದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಒಡೆಯರ ಸಮ್ಮತಿ ಪಡೆದು ಖಡ್ಗದ ಉದ್ದ, ಹಿಡಿಯ ಬಗೆ, ಹೊದಿಕೆಯ ಪದರಗಳು, ಪ್ರತಿ ಪದರದ ದ್ರವ್ಯ, ಸವೆತದ ಸ್ಥಾನ, ಮನೆತನದವರು ಹೇಳುವ ಐತಿಹ್ಯ ಇವನ್ನು ಒಂದು ಹಾಳೆಯಲ್ಲಿ ಗುರುತಿಸಿ, ಹಿಡಿಯ ನಾಲ್ಕು ಪಾರ್ಶ್ವಗಳ ಛಾಯಾಚಿತ್ರವನ್ನು ಲಗತ್ತಿಸಿದರೆ ಸಾಕು. ಐತಿಹ್ಯವನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಪರೀಕ್ಷೆಯ ಫಲವನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಶಿವಮೊಗ್ಗ, ಚಿತ್ರದುರ್ಗಗಳ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿಯೂ ಕೆಳದಿಯ ವಸ್ತುಸಂಗ್ರಹಾಲಯದಲ್ಲಿಯೂ ಇರುವ ಆಯುಧಗಳೊಡನೆ ಈ ಹಾಳೆಗಳನ್ನು ಹೋಲಿಸಿದಾಗ, ಈ ಸೀಮೆಯ ಹಿಡಿಗಳಲ್ಲಿ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬುದು ಮೊದಲ ಬಾರಿಗೆ ಸ್ಪಷ್ಟವಾದೀತು. ಸಾಮಾನ್ಯವು ಯಾವುದೆಂದು ತಿಳಿಯದೆ ಅಪರೂಪವನ್ನು ಗುರುತಿಸುವುದು ಸಾಧ್ಯವಿಲ್ಲ. ಜಪಾನೀಯರ ಶಾಸ್ತ್ರದಿಂದ ನಾವು ಕಲಿಯಬೇಕಾದ ಮೊದಲ ಪಾಠವೂ ಇದೇ.